ಗಾಜಲ್ಲದ ಗಾಜ್ ಬಟ್ಟೆ

ಕಳೆದ ಬೇಸಿಗೆ ರಜೆಯಲ್ಲಿ ನನ್ನ ಅಣ್ಣನ ಮಗಳು ಸೈಕಲ್ಲಿನಿಂದ ಬಿದ್ದು ಮೊಣಕಾಲು ತರಚಿಕೊಂಡಳು. ಜಲ್ಲಿಕಲ್ಲಿನ ರಸ್ತೆ, ಗಾಯ ಸ್ವಲ್ಪ ಆಳವಾಗಿಯೇ ಆಗಿತ್ತು. ಎತ್ತಿಕೊಂಡು ಹತ್ತಿರದ ಆಸ್ಪತ್ರೆಗೆ ಓಡಿದೆ. ಅಲ್ಲಿನ ಸಿಸ್ಟರ್ ಗಾಯವನ್ನು ತೊಳೆದು, ಒಳಗಿದ್ದವರಿಗೆ "ಸ್ವಲ್ಪ ಗಾಜ್ ಕೊಡಿ" ಎಂದದ್ದೇ ತಡ, ಅಲ್ಲಿಯವರೆಗೆ ಹಲ್ಲು ಕಚ್ಚಿ ಕೂತಿದ್ದ ಹುಡುಗಿ ಗೊಳೋ ಎಂದು ಅಳತೊಡಗಿದಳು. "ಅತ್ತೆ, ಗಾಜು ಬೇಡ ಅಂತ ಹೇಳು, ಗಾಜು ಚುಚ್ಚತ್ತೆ!"

ಸಿಸ್ಟರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಪೊಟ್ಟಣ ಹರಿದು, ಒಳಗಿನ ಬಿಳಿಯ ತೆಳು ಬಟ್ಟೆಯನ್ನು ಬಿಡಿಸಿ ಅವಳ ಕಣ್ಣಿನ ಮುಂದೆ ಹಿಡಿದರು. "ನೋಡು ಪುಟ್ಟಾ, ಇದು ಒಡೆಯೋ ಗಾಜಲ್ಲ. ಬಟ್ಟೆ." ಆ ಬಟ್ಟೆಯ ಆಚೆಗೆ ತಿರುಗುತ್ತಿದ್ದ ಫ್ಯಾನು ಅವಳಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಅಳು ನಿಂತಿತು. ಮನೆಗೆ ಬರುವ ದಾರಿಯಲ್ಲಿ ಪ್ರಶ್ನೆಗಳು ಶುರುವಾದವು. "ಬಟ್ಟೆಗೆ ಗಾಜು ಅಂತ ಯಾಕೆ ಹೆಸರಿಟ್ಟರು?" ಅದಾದ ಮೇಲೆ, "ಅಷ್ಟೊಂದು ತೂತು ಇದ್ದರೆ ರಕ್ತ ಹೇಗೆ ನಿಲ್ಲುತ್ತೆ?"

ಮಕ್ಕಳೇ, ಎರಡೂ ಒಳ್ಳೆಯ ಪ್ರಶ್ನೆಗಳು. ಮೊದಲನೆಯದು ನಮ್ಮನ್ನು ಒಂದು ಹಳೆಯ ಕಡಲೂರಿಗೆ ಕರೆದೊಯ್ಯುತ್ತದೆ. ಎರಡನೆಯದು ನಮ್ಮದೇ ಚರ್ಮದ ಒಳಕ್ಕೆ.

ಹೆಸರು ಬಂದ ದಾರಿ

ಕಿಟಕಿಯ ಗಾಜಿಗೂ ಆಸ್ಪತ್ರೆಯ ಗಾಜಿಗೂ ನಂಟಿಲ್ಲ. ಕಿಟಕಿಯ ಗಾಜು ಸಂಸ್ಕೃತದ 'ಕಾಚ' ಎಂಬ ಪದದಿಂದ ಬಂದದ್ದು. ಆಸ್ಪತ್ರೆಯ ಗಾಜ್ ಇಂಗ್ಲಿಷಿನಿಂದ ಬಂತು, ಇಂಗ್ಲಿಷಿಗೆ ಫ್ರೆಂಚಿನಿಂದ ಬಂತು. ಫ್ರೆಂಚರು ತೆಳ್ಳಗಿನ, ಆರ್‌ಪಾರ್ ಕಾಣುವ ಬಟ್ಟೆಗೆ 16ನೇ ಶತಮಾನದಿಂದ 'ಗಾಜ್' ಎನ್ನುತ್ತಾ ಬಂದಿದ್ದಾರೆ. ಬೇರೆ ಬೇರೆ ದಾರಿ ಹಿಡಿದು ಬಂದ ಎರಡು ಪದಗಳು ಕನ್ನಡದಲ್ಲಿ ಒಂದೇ ಸದ್ದಾಗಿ ಬಿಟ್ಟವು. ಪಾಪ, ನನ್ನ ಸೊಸೆ ಹೆದರಿದ್ದರಲ್ಲಿ ತಪ್ಪೇನಿದೆ?

ಫ್ರೆಂಚರಿಗೆ ಆ ಪದ ಎಲ್ಲಿಂದ ಬಂತು? ಬಹಳ ಕಾಲದಿಂದ ಜನ ಹೇಳಿಕೊಂಡು ಬಂದ ಉತ್ತರ ಒಂದಿದೆ: ಮೆಡಿಟರೇನಿಯನ್ ಸಮುದ್ರದ ಪೂರ್ವ ದಂಡೆಯಲ್ಲಿರುವ ಗಾಜಾ ಎಂಬ ಊರಿನಿಂದ. ಇಳಕಲ್ ಊರಿನ ಸೀರೆ ಇಳಕಲ್ ಸೀರೆಯಾದ ಹಾಗೆ, ಗಾಜಾದ ಬಟ್ಟೆ ಗಾಜ್ ಆಯಿತು ಎಂದು. ಇನ್ನು ಕೆಲವು ಭಾಷಾ ವಿದ್ವಾಂಸರು, ಅರಬ್ಬಿಯಲ್ಲಿ ಕಚ್ಚಾ ರೇಷ್ಮೆಗೆ 'ಕಝ್' ಎನ್ನುತ್ತಾರೆ, ಪದದ ಬೇರು ಅದೇ ಇರಬೇಕು ಎನ್ನುತ್ತಾರೆ. ಈ ವಾದ ಇನ್ನೂ ಮುಗಿದಿಲ್ಲ. ಬಟ್ಟೆಗೆ ಊರಿನ ಹೆಸರು ಬರುವುದಂತೂ ಹೊಸದೇನಲ್ಲ. ಇರಾಕಿನ ಮೋಸುಲ್ ಊರಿನಿಂದ ಮಸ್ಲಿನ್, ಫ್ರಾನ್ಸಿನ ನೀಮ್ ಊರಿನಿಂದ ಡೆನಿಮ್, ನಮ್ಮ ಪಕ್ಕದ ಕೇರಳದ ಕೋಳಿಕ್ಕೋಡಿನಿಂದ ಕ್ಯಾಲಿಕೋ. ನೀವು ಹಾಕಿಕೊಳ್ಳುವ ಜೀನ್ಸ್ ಕೂಡ ಇಟಲಿಯ ಜೆನೋವಾ ಬಂದರಿನ ಹೆಸರು ಹೊತ್ತದ್ದು.

ಒಂದು ಸೋಜಿಗ ಹೇಳಲೇ? ಗಾಜಾದ ಜನ ಈ ಬಟ್ಟೆಗೆ ಗಾಜ್ ಎನ್ನುವುದೇ ಇಲ್ಲ. ಅವರ ಮಾತು ಅರಬ್ಬಿ. ಅದರಲ್ಲಿ ಗಾಯಕ್ಕೆ ಕಟ್ಟುವ ತೆಳು ಬಟ್ಟೆಗೆ 'ಶಾಶ್' ಎಂದು ಹೆಸರು.

ಒಂಟೆಗಳು ಬಂದು ನಿಲ್ಲುತ್ತಿದ್ದ ಊರು

ಗಾಜಾ ಎಷ್ಟು ಹಳೆಯದು ಗೊತ್ತೇ? ಅದರ ಹತ್ತಿರದ ತೆಲ್ ಎಸ್-ಸಕನ್ ಎಂಬ ದಿಬ್ಬವನ್ನು ಅಗೆದಾಗ ಸುಮಾರು 5000 ವರ್ಷ ಹಿಂದಿನ ಊರಿನ ಗೋಡೆಗಳು ಸಿಕ್ಕವು. ಭೂಪಟ ತೆಗೆದು ನೋಡಿ. ಒಂದು ಕಡೆ ಈಜಿಪ್ಟ್, ಇನ್ನೊಂದು ಕಡೆ ಸಿರಿಯಾ, ಬೆನ್ನಿಗೆ ಮರುಭೂಮಿ, ಎದುರಿಗೆ ಕಡಲು. ಈಜಿಪ್ಟಿನಿಂದ ಹೊರಟವರು ಕರಾವಳಿ ಹಿಡಿದು ಉತ್ತರಕ್ಕೆ ಹೋಗಬೇಕಾದರೆ ಗಾಜಾ ದಾಟಲೇಬೇಕು. ಮರುಭೂಮಿಯಿಂದ ಬಂದ ಸರಕು ಹಡಗು ಹತ್ತಬೇಕಾದರೂ ಅಲ್ಲಿಗೇ ಬರಬೇಕು. ಊರು ಸಮುದ್ರದಿಂದ ತುಸು ಒಳಗೆ. ಅದಕ್ಕೆ ಸೇರಿದ ಮೈಯೂಮಾಸ್ ಎಂಬ ಬಂದರು ದಂಡೆಯಲ್ಲಿತ್ತು.

ಆ ಸರಕಿನಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಧೂಪ. ದಕ್ಷಿಣ ಅರೇಬಿಯಾದ ಒಣ ಬೆಟ್ಟಗಳಲ್ಲಿ ಬೆಳೆಯುವ ಒಂದು ಮರದ ತೊಗಟೆಗೆ ಕಚ್ಚು ಹಾಕಿದರೆ ಹಾಲಿನಂಥ ಅಂಟು ಒಸರುತ್ತದೆ. ಅದು ಒಣಗಿದರೆ ಲೋಬಾನ. ಅದನ್ನು ಮೂಟೆ ಕಟ್ಟಿ ಒಂಟೆಗಳ ಮೇಲೆ ಹೇರಿ ಮರಳಿನಲ್ಲಿ ನಡೆಸಿಕೊಂಡು ಬರುತ್ತಿದ್ದರು. ಈಗಿನ ಯೆಮನ್ ದೇಶದಲ್ಲಿದ್ದ ತಿಮ್ನಾ ಎಂಬ ಪಟ್ಟಣದಿಂದ ಗಾಜಾವರೆಗೆ ಒಂಟೆಗಳು 65 ಕಡೆ ತಂಗಿ ಬರುತ್ತಿದ್ದವು ಎಂದು ರೋಮಿನ ಲೇಖಕ ಪ್ಲಿನಿ ಸುಮಾರು 1900 ವರ್ಷಗಳ ಹಿಂದೆ ಲೆಕ್ಕ ಬರೆದಿಟ್ಟಿದ್ದಾನೆ.

ಧೂಪದ ಬಗ್ಗೆ ಗ್ರೀಕ್ ಲೇಖಕ ಪ್ಲೂಟಾರ್ಕ್ ಒಂದು ಕಥೆ ಹೇಳುತ್ತಾನೆ. ಅಲೆಕ್ಸಾಂಡರ್ ಇನ್ನೂ ಹುಡುಗ. ಪೂಜೆಯ ಬೆಂಕಿಗೆ ಎರಡೂ ಕೈ ತುಂಬ ಧೂಪ ಬಾಚಿ ಸುರಿದನಂತೆ. ಅವನ ಗುರು ಲಿಯೊನಿಡಾಸ್ ಕೈ ಬಿಗಿ ಹಿಡಿದು ಖರ್ಚು ಮಾಡುವ ಮನುಷ್ಯ. ಧೂಪ ಬೆಳೆಯುವ ನಾಡನ್ನು ಗೆದ್ದ ಮೇಲೆ ಬೇಕಾದಷ್ಟು ಸುರಿಯುವೆಯಂತೆ, ಈಗ ಇರುವುದನ್ನು ಹಿಡಿತದಲ್ಲಿ ಬಳಸು ಎಂದು ಗದರಿದ. ವರ್ಷಗಳು ಕಳೆದವು. ಕ್ರಿ.ಪೂ. 332ರಲ್ಲಿ ಅಲೆಕ್ಸಾಂಡರ್ ಗಾಜಾವನ್ನು ಮುತ್ತಿ ಗೆದ್ದ. ಆ ಯುದ್ಧದಲ್ಲಿ ಅವನ ಭುಜಕ್ಕೂ ದೊಡ್ಡ ಪೆಟ್ಟು ಬಿತ್ತು. ಊರಿನ ಉಗ್ರಾಣಗಳಲ್ಲಿ ಸಿಕ್ಕ ಧೂಪದಲ್ಲಿ 500 ಟ್ಯಾಲೆಂಟ್, ಅಂದರೆ ಸುಮಾರು 13 ಟನ್ ತೂಕದಷ್ಟನ್ನು ತನ್ನ ಹಳೆಯ ಗುರುವಿಗೆ ಕಳುಹಿಸಿಕೊಟ್ಟ. ಇನ್ನು ಮೇಲೆ ದೇವರ ಮುಂದೆ ಜಿಪುಣತನ ಬೇಡ ಎಂಬ ಮಾತಿನ ಜೊತೆಗೆ!

ಧೂಪ ಬಂದ ದಾರಿಯಲ್ಲೇ ಬಟ್ಟೆಯೂ ಬಂದು ಹೋಗುತ್ತಿತ್ತು. ನೇಯ್ಗೆ ಆ ಸೀಮೆಯಲ್ಲಿ ಹತ್ತಿರದ ಕಾಲದವರೆಗೂ ಉಳಿದು ಬಂದಿದೆ. ಗಾಜಾದ ಉತ್ತರಕ್ಕಿದ್ದ ಮಜ್ದಲ್ ಎಂಬ ಊರು ಮಗ್ಗಗಳಿಗೆ ಹೆಸರಾಗಿತ್ತು. 1948ರ ಯುದ್ಧದಲ್ಲಿ ಅಲ್ಲಿನ ನೇಕಾರರು ಊರು ಬಿಟ್ಟು ಗಾಜಾಕ್ಕೆ ಬಂದರು. ಕೈಯಲ್ಲಿದ್ದ ಕಸುಬನ್ನು ಬಿಡದೆ ಅಲ್ಲಿಯೂ ಮಗ್ಗ ಹೂಡಿದರು.

ಹಾಸು, ಹೊಕ್ಕು ಮತ್ತು ಮಲ್ಲಿಗೆ ದಂಡೆ

ಈಗ ಬಟ್ಟೆಯನ್ನೇ ಕೈಗೆ ತೆಗೆದುಕೊಳ್ಳೋಣ. ಮೆಡಿಕಲ್ ಸ್ಟೋರಿನಲ್ಲಿ ಗಾಜ್ ಬಟ್ಟೆಯ ಸಣ್ಣ ಪೊಟ್ಟಣ ಸಿಗುತ್ತದೆ. ಒಂದು ಪದರ ಬಿಡಿಸಿ, ಭೂತಗನ್ನಡಿ ಇದ್ದರೆ ಅದರಲ್ಲಿ ನೋಡಿ. ಉದ್ದಕ್ಕೆ ಕೆಲವು ನೂಲು, ಅಡ್ಡಕ್ಕೆ ಕೆಲವು ನೂಲು. ಮಗ್ಗದಲ್ಲಿ ಉದ್ದಕ್ಕೆ ಬಿಗಿದು ಕಟ್ಟಿದ ನೂಲಿಗೆ ಹಾಸು ಎನ್ನುತ್ತಾರೆ. ಲಾಳಿ ಅತ್ತಿತ್ತ ಓಡಿ ಅಡ್ಡಕ್ಕೆ ಸೇರಿಸುವ ನೂಲಿಗೆ ಹೊಕ್ಕು ಎನ್ನುತ್ತಾರೆ. ಎರಡು ಸಂಗತಿಗಳು ಬಿಡಿಸಲಾರದಂತೆ ಬೆರೆತಿದ್ದರೆ 'ಹಾಸುಹೊಕ್ಕಾಗಿವೆ' ಎನ್ನುತ್ತೇವಲ್ಲ, ಆ ಮಾತು ಮಗ್ಗದ ಗುಂಡಿಯಿಂದಲೇ ಎದ್ದು ಬಂದದ್ದು.

ನಿಮ್ಮ ಶಾಲೆಯ ಅಂಗಿಯಲ್ಲಿ ನೂಲುಗಳು ಮೈಗೆ ಮೈ ತಾಗಿಸಿ ನಿಂತಿರುತ್ತವೆ. ಗಾಜ್ ಬಟ್ಟೆಯಲ್ಲಿ ಪ್ರತಿ ನೂಲಿನ ಪಕ್ಕ ಬೇಕೆಂದೇ ಜಾಗ ಬಿಟ್ಟಿರುತ್ತಾರೆ. ಹೀಗೆ ಬಿಟ್ಟರೆ ಒಂದು ತೊಂದರೆ ಇದೆ. ಬೆರಳಿನಿಂದ ಮೆಲ್ಲಗೆ ಎಳೆಯಿರಿ, ನೂಲು ಸರಿದು ಒಂದು ಕಡೆ ದೊಡ್ಡ ತೂತು, ಇನ್ನೊಂದು ಕಡೆ ಒತ್ತಾದ ಗುಂಪು ಆಗುತ್ತದೆ. ಆಸ್ಪತ್ರೆಯ ಕೆಲಸಕ್ಕೆ ಅದರಿಂದ ತೊಂದರೆಯಿಲ್ಲ. ಪರದೆಗೆ, ಉಡುಪಿಗೆ, ಸೊಳ್ಳೆ ಬಲೆಗೆ ಹಾಗೆ ಆಗಬಾರದಲ್ಲ?

ಇದಕ್ಕೆ ನೇಕಾರರು ಹಿಂದೆಯೇ ಒಂದು ಉಪಾಯ ಕಂಡುಕೊಂಡರು. ಹೂವಾಡಗಿತ್ತಿ ಮಲ್ಲಿಗೆ ಕಟ್ಟುವುದನ್ನು ನೋಡಿದ್ದೀರಾ? ಅವಳು ತೊಟ್ಟುಗಳನ್ನು ದಾರದ ನಡುವೆ ಇಟ್ಟು ಒಂದು ಸುತ್ತು ತಿರುವಿ ಬಿಗಿಯುತ್ತಾಳೆ. ಹೂ ಎಷ್ಟು ಬಿಡಿಯಾಗಿದ್ದರೂ ಜಾರುವುದಿಲ್ಲ. ಹಾಗೆಯೇ ಹಾಸಿನ ನೂಲುಗಳನ್ನು ಎರಡೆರಡು ಜೋಡಿ ಮಾಡಿ, ಪ್ರತಿ ಹೊಕ್ಕಿನ ನೂಲು ಹಾದುಹೋದ ಮೇಲೆ ಜೋಡಿಯ ಎರಡು ನೂಲುಗಳು ಒಂದನ್ನೊಂದು ಹೊರಳಿ ಅದನ್ನು ಹಿಡಿದುಕೊಳ್ಳುವಂತೆ ಮಾಡುತ್ತಾರೆ. ಇದಕ್ಕೆ ಲೀನೋ ನೇಯ್ಗೆ ಎಂದು ಹೆಸರು. ನಿಜವಾದ ಗಾಜ್ ನೇಯ್ಗೆ ಎಂದರೆ ಇದೇ. ತರಕಾರಿ ಮಾರುಕಟ್ಟೆಯಲ್ಲಿ ಈರುಳ್ಳಿ, ಆಲೂಗಡ್ಡೆ ತುಂಬುವ ಬಲೆಯಂಥ ಚೀಲಗಳಲ್ಲಿಯೂ ಈ ನೇಯ್ಗೆ ಬಳಸುತ್ತಾರೆ. ತೂಕದ ಸರಕು ಹೊತ್ತರೂ ಕಣ್ಣುಗಳು ಹಿಗ್ಗುವುದಿಲ್ಲ, ಒಳಗಿನ ಈರುಳ್ಳಿಗೆ ಗಾಳಿಯೂ ತಪ್ಪುವುದಿಲ್ಲ.

ತೇಲುವ ಹತ್ತಿ, ಮುಳುಗುವ ಹತ್ತಿ

ಈಗ ಒಂದು ಪ್ರಯೋಗ. ಧಾರವಾಡ, ಹಾವೇರಿ, ರಾಯಚೂರಿನ ಕಡೆಯ ಮಕ್ಕಳಿಗೆ ಇದು ಸುಲಭ, ಹತ್ತಿ ಹೊಲ ಹತ್ತಿರವೇ ಇದೆ. ಹೊಲದಿಂದ ಬಂದ, ಬೀಜ ಬಿಡಿಸಿದ ಹತ್ತಿಯ ಒಂದು ಸಣ್ಣ ಉಂಡೆ ಮಾಡಿ. ಮೆಡಿಕಲ್ ಸ್ಟೋರಿನ ಹತ್ತಿಯದು ಅಷ್ಟೇ ಗಾತ್ರದ ಇನ್ನೊಂದು ಉಂಡೆ. ಬೋಗುಣಿಯಲ್ಲಿ ನೀರು ತುಂಬಿ ಎರಡನ್ನೂ ಒತ್ತದೆ, ಮೆಲ್ಲಗೆ ನೀರಿನ ಮೇಲೆ ಬಿಡಿ.

ಮೆಡಿಕಲ್ ಸ್ಟೋರಿನ ಹತ್ತಿ ನೀರು ಕುಡಿದು ತಳ ಸೇರುತ್ತದೆ. ಒಳ್ಳೆಯ ಔಷಧದ ಹತ್ತಿ 10 ಸೆಕೆಂಡಿನೊಳಗೆ ಮುಳುಗಬೇಕು ಎಂಬುದು ಅದರ ಗುಣಮಟ್ಟದ ಪರೀಕ್ಷೆಯೇ ಹೌದು. ಹೊಲದ ಹತ್ತಿಯೋ, ಬಾತುಕೋಳಿಯ ಹಾಗೆ ತೇಲುತ್ತಲೇ ಇರುತ್ತದೆ!

ಎರಡೂ ಹತ್ತಿಯೇ ಅಲ್ಲವೇ, ಮತ್ತೇಕೆ ಹೀಗೆ? ಗಿಡದ ಮೇಲಿರುವ ಹತ್ತಿಯ ಪ್ರತಿ ಎಳೆಗೂ ತೆಳ್ಳನೆಯ ಮೇಣದ ಹೊದಿಕೆ ಇರುತ್ತದೆ. ಮೇಣ ನೀರನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಎಣ್ಣೆಯ ಜೊತೆ ಮಾತ್ರ ಅದಕ್ಕೆ ಸ್ನೇಹ. ನೀರಿನಲ್ಲಿ ತೇಲುವ ಹೊಲದ ಹತ್ತಿಯಿಂದಲೇ ಅಜ್ಜಿ ಬತ್ತಿ ಹೊಸೆದು ದೀಪಕ್ಕಿಟ್ಟರೆ ಅದು ಎಣ್ಣೆಯನ್ನು ಸೊಗಸಾಗಿ ಹೀರಿ ಮೇಲಕ್ಕೆ ತರುವುದು ಈ ಸ್ನೇಹದಿಂದಲೇ. ಗಾಜ್ ಬಟ್ಟೆಗೆ ಬೇಕಾದದ್ದು ನೀರಿನ ಸ್ನೇಹ, ಏಕೆಂದರೆ ರಕ್ತದಲ್ಲಿ ಹೆಚ್ಚಿನ ಭಾಗ ನೀರು. ಅದಕ್ಕಾಗಿ ಕಾರ್ಖಾನೆಯಲ್ಲಿ ಬಟ್ಟೆಯನ್ನು ಕಾಸ್ಟಿಕ್ ಸೋಡಾದ ದ್ರಾವಣದಲ್ಲಿ ಕುದಿಸಿ ಮೇಣವನ್ನು ತೆಗೆದುಹಾಕುತ್ತಾರೆ. ಆಮೇಲೆ ಬಿಳುಪು ಮಾಡಿ ಚೆನ್ನಾಗಿ ತೊಳೆಯುತ್ತಾರೆ. ಉಳಿಯುವುದು ಸೆಲ್ಯುಲೋಸ್. ಇದರ ಅಣುಗಳು ನೀರಿನ ಅಣುಗಳನ್ನು ಕೈ ಹಿಡಿದು ಎಳೆದುಕೊಳ್ಳುತ್ತವೆ.

ಬೀಟ್‌ರೂಟ್ ಬೇಯಿಸಿದ ಕೆಂಪು ನೀರಿನಲ್ಲಿ ಗಾಜ್ ಬಟ್ಟೆಯ ತುದಿಯನ್ನಷ್ಟೇ ಅದ್ದಿ ಹಿಡಿಯಿರಿ. ಬಣ್ಣ ಮೆಟ್ಟಿಲು ಹತ್ತಿದ ಹಾಗೆ ನೂಲಿನಿಂದ ನೂಲಿಗೆ ಏರುತ್ತದೆ. ಎಳೆಗಳ ನಡುವಿನ ಕಿರಿದಾದ ಸಂದುಗಳಲ್ಲಿ ನೀರು ತಾನಾಗಿ ಮೇಲೇರುವ ಈ ಗುಣಕ್ಕೆ ಲೋಮನಾಳ ಕ್ರಿಯೆ ಎನ್ನುತ್ತಾರೆ. ಗಾಯದ ಮೇಲೆ ಇಟ್ಟ ಬಟ್ಟೆ ರಕ್ತವನ್ನು, ಗಾಯದಿಂದ ಒಸರುವ ನೀರನ್ನು ಹೀಗೆಯೇ ಮೇಲಿನ ಪದರಗಳಿಗೆ ಎಳೆದುಕೊಳ್ಳುತ್ತದೆ.

ಚರ್ಮದೊಳಗಿನ ನೇಕಾರ

ಎರಡನೆಯ ಪ್ರಶ್ನೆಗೆ ಬಂದೆವು. ಇಷ್ಟೊಂದು ತೂತಿರುವ ಬಟ್ಟೆ ರಕ್ತವನ್ನು ಹೇಗೆ ನಿಲ್ಲಿಸುತ್ತದೆ?

ನಿಜ ಹೇಳಬೇಕೆಂದರೆ ರಕ್ತವನ್ನು ನಿಲ್ಲಿಸುವುದು ನಿಮ್ಮ ರಕ್ತವೇ. ಡೆಂಗಿ ಜ್ವರ ಬಂದಾಗ ಮನೆಯಲ್ಲಿ ದೊಡ್ಡವರು "ಪ್ಲೇಟ್‌ಲೆಟ್ ಎಷ್ಟಿದೆ?" ಎಂದು ಕೇಳುವುದನ್ನು ಕೇಳಿದ್ದೀರಲ್ಲ? ಪ್ಲೇಟ್‌ಲೆಟ್ ಎಂದರೆ ರಕ್ತದಲ್ಲಿರುವ ಬಹಳ ಸಣ್ಣ ಕಣಗಳು. ಆರೋಗ್ಯವಂತರ ಒಂದು ಮೈಕ್ರೋಲೀಟರ್ ರಕ್ತದಲ್ಲಿ, ಅಂದರೆ ಒಂದು ಹನಿಗಿಂತ ಎಷ್ಟೋ ಕಡಿಮೆ ರಕ್ತದಲ್ಲಿ, ಅವು ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದಷ್ಟು ಇರುತ್ತವೆ. ರಕ್ತನಾಳ ಹರಿದ ಕೂಡಲೇ ಇವು ಅಲ್ಲಿಗೆ ಬಂದು ಅಂಟಿಕೊಳ್ಳುತ್ತವೆ, ಒಂದರ ಮೇಲೊಂದು ಸೇರಿ ಬಿರಡೆಯಾಗುತ್ತವೆ. ಬಿರಡೆ ಮಾತ್ರ ಇದ್ದರೆ ರಕ್ತದ ರಭಸಕ್ಕೆ ಕಿತ್ತು ಹೋದೀತು. ಅದಕ್ಕೆ ಮೇಲೊಂದು ಬಲೆ ಬೇಕು.

ಬಲೆ ಹೆಣೆಯಲು ಬೇಕಾದ ನೂಲು ಮೊದಲೇ ರಕ್ತದಲ್ಲಿ ಕರಗಿಕೊಂಡಿರುತ್ತದೆ. ಅದರ ಹೆಸರು ಫೈಬ್ರಿನೋಜೆನ್. ಕರಗಿರುವವರೆಗೆ ಅದು ನೂಲಿನಂತೆ ಇರುವುದಿಲ್ಲ. ಗಾಯವಾದಾಗ ಥ್ರಾಂಬಿನ್ ಎಂಬ ಕಿಣ್ವ ಹುಟ್ಟಿ ಅದರಿಂದ ಸಣ್ಣ ತುಣುಕುಗಳನ್ನು ಕತ್ತರಿಸಿ ತೆಗೆಯುತ್ತದೆ. ಹಾಗೆ ಕತ್ತರಿಸಿದ ಮೇಲೆ ಉಳಿದ ಅಣುಗಳು ಒಂದಕ್ಕೊಂದು ಕೂಡಿ ಫೈಬ್ರಿನ್ ಎಂಬ ಉದ್ದನೆಯ ಎಳೆಗಳಾಗುತ್ತವೆ. ಆ ಎಳೆಗಳು ಅಡ್ಡಾದಿಡ್ಡಿ ಹೆಣೆದುಕೊಂಡು, ಕೆಂಪು ರಕ್ತಕಣಗಳನ್ನು ಮೀನಿನ ಹಾಗೆ ಹಿಡಿದು ಹಾಕಿಕೊಳ್ಳುತ್ತವೆ. ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೆಗೆದ ಇದರ ಚಿತ್ರ ಎಲ್ಲಿಯಾದರೂ ಸಿಕ್ಕರೆ ನೋಡಿ. ಮಗ್ಗವಿಲ್ಲದೆ, ಲಾಳಿಯಿಲ್ಲದೆ ನಿಮ್ಮ ಮೈ ತಾನೇ ನೇಯ್ದುಕೊಂಡ ಗಾಜ್ ಬಟ್ಟೆ ಅದು.

ಹಾಗಾದರೆ ಹೊರಗಿನ ಗಾಜ್ ಬಟ್ಟೆಯ ಕೆಲಸವೇನು? ಒಳಗಿನ ನೇಕಾರನಿಗೆ ಸಮಯ ಮಾಡಿಕೊಡುವುದು. ಅದರ ಮೇಲೆ ಕೈಯಿಟ್ಟು ಒತ್ತಿದರೆ ರಕ್ತನಾಳಗಳು ಅದುಮಿಕೊಂಡು ರಕ್ತದ ಓಟ ನಿಧಾನವಾಗುತ್ತದೆ. ಬಟ್ಟೆಯ ನೂಲುಗಳು ಬಿರಡೆಗೂ ಬಲೆಗೂ ಹಿಡಿದುಕೊಳ್ಳಲು ಆಸರೆ ಕೊಡುತ್ತವೆ. ಆದ್ದರಿಂದ ಯಾರಿಗಾದರೂ ಗಾಯವಾದರೆ ಶುಭ್ರವಾದ ಬಟ್ಟೆಯಿಂದ ಬಿಡದೆ ಒತ್ತಿ ಹಿಡಿಯಿರಿ, ದೊಡ್ಡವರನ್ನು ಕರೆಯಿರಿ. ನಿಂತಿತೇ ಎಂದು ಪದೇ ಪದೇ ಬಟ್ಟೆ ಎತ್ತಿ ನೋಡಬೇಡಿ. ಎತ್ತಿದಾಗಲೆಲ್ಲ ಒಳಗೆ ಅರ್ಧ ನೇಯ್ದ ಬಲೆ ಹರಿಯುತ್ತದೆ.

ಕೆಲವು ಗಾಜ್ ಬಟ್ಟೆಗಳು ಒಳಗಿನ ನೇಕಾರನನ್ನು ಅವಸರಪಡಿಸುವುದೂ ಉಂಟು. ಅವಕ್ಕೆ ಕಯೋಲಿನ್ ಎಂಬ ಬಿಳಿ ಜೇಡಿಮಣ್ಣಿನ ಪುಡಿ ಹಚ್ಚಿರುತ್ತಾರೆ. ಅದು ತಾಗಿದರೆ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ದೊಡ್ಡ ಗಾಯಗಳಾದ ಸೈನಿಕರಿಗೆ ಇದು ಬಹಳ ಉಪಕಾರಿ. ಕಯೋಲಿನ್ ಕೂಡ ಊರ ಹೆಸರೇ, ಚೀನಾದಲ್ಲಿ ಆ ಮಣ್ಣು ತೆಗೆಯುತ್ತಿದ್ದ ಗಾವೊಲಿಂಗ್ ಎಂಬ ಜಾಗದ್ದು.

ಹನ್ನೊಂದು ವರ್ಷದ ಹುಡುಗ

ಗಾಯಕ್ಕೆ ಬಟ್ಟೆ ಕಟ್ಟುವುದು ಬಹಳ ಹಳೆಯ ಪದ್ಧತಿ. ಪ್ರಾಚೀನ ಈಜಿಪ್ಟಿನ ವೈದ್ಯರು ಜೇನುತುಪ್ಪ, ಕೊಬ್ಬು ಹಚ್ಚಿ ನಾರುಬಟ್ಟೆ ಕಟ್ಟುತ್ತಿದ್ದರು. ಹಾಗೆ ಕಟ್ಟುವ ವಿಧಾನ ಅವರ ಪಪೈರಸ್ ಬರಹಗಳಲ್ಲಿಯೇ ಇದೆ. ಬಟ್ಟೆ ಇತ್ತು, ಕಟ್ಟುವ ಕೈಯೂ ಇತ್ತು. ಕಣ್ಣಿಗೆ ಕಾಣದ ರೋಗಾಣುಗಳ ವಿಷಯ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಯುರೋಪಿನಲ್ಲಿ ಹಳೆಯ ಬಟ್ಟೆಗಳ ಎಳೆ ಬಿಡಿಸಿ, ಆ ಎಳೆಗಳ ಮುದ್ದೆಯನ್ನೇ ಗಾಯಕ್ಕೆ ತುಂಬುತ್ತಿದ್ದರು. ಎಷ್ಟೋ ಕೈ ಮುಟ್ಟಿದ ಎಳೆ ಅದು. ಗಾಯ ಕೀವಾಗುವುದು ಸಹಜ ಎಂದೇ ಜನ ನಂಬಿದ್ದರು.

1865ರ ಆಗಸ್ಟ್ 12ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ಆಸ್ಪತ್ರೆಗೆ ಜೇಮ್ಸ್ ಗ್ರೀನ್‌ಲೀಸ್ ಎಂಬ 11 ವರ್ಷದ ಹುಡುಗನನ್ನು ತಂದರು. ಗಾಡಿಯ ಚಕ್ರ ಹರಿದು ಕಾಲಿನ ಮೂಳೆ ಮುರಿದಿತ್ತು, ಚರ್ಮವೂ ಸೀಳಿತ್ತು. ಆಗಿನ ಕಾಲದಲ್ಲಿ ಇಂಥ ಗಾಯ ಕೊಳೆತು, ಕಾಲು ಕತ್ತರಿಸಬೇಕಾಗುತ್ತಿತ್ತು, ಎಷ್ಟೋ ಸಲ ಜೀವವೇ ಹೋಗುತ್ತಿತ್ತು. ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ ಅವರು ಲೂಯಿ ಪಾಸ್ಚರ್ ಅವರ ಸಂಶೋಧನೆಯನ್ನು ಓದಿದ್ದರು. ಕೊಳೆಯುವಿಕೆಗೆ ಸೂಕ್ಷ್ಮಜೀವಿಗಳೇ ಕಾರಣ ಎಂಬುದು ಅವರ ಮನಸ್ಸಿನಲ್ಲಿತ್ತು. ಅವುಗಳನ್ನು ಕೊಲ್ಲಲೆಂದು ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆಯನ್ನು ಹುಡುಗನ ಗಾಯಕ್ಕೆ ಕಟ್ಟಿದರು. ಗಾಯ ಕೊಳೆಯಲಿಲ್ಲ. ಸುಮಾರು ಆರು ವಾರಗಳಲ್ಲಿ ಮೂಳೆ ಕೂಡಿತು. ಆ ಹುಡುಗ ತನ್ನ ಎರಡು ಕಾಲಿನ ಮೇಲೆ ಮನೆಗೆ ಹೋದ.

ಮುಂದೆ ಲಿಸ್ಟರ್ ತಮ್ಮ ಔಷಧವನ್ನು ಗಾಯದ ಮೇಲೆ ಹಿಡಿದಿಡಲು ಆರಿಸಿಕೊಂಡದ್ದು ಗಾಜ್ ಬಟ್ಟೆಯನ್ನೇ. ಕಾರ್ಬಾಲಿಕ್ ಆಮ್ಲ, ರಾಳ, ಪ್ಯಾರಾಫಿನ್ ಕೂಡಿಸಿದ ಬಟ್ಟೆಯನ್ನು ಎಂಟು ಪದರ ಮಡಿಸಿ ಕಟ್ಟುತ್ತಿದ್ದರು. ಈಗ ಆಸ್ಪತ್ರೆಗಳಲ್ಲಿ ಗಾಜ್ ಬಟ್ಟೆಯನ್ನು ಬಿಸಿ ಹಬೆಯಲ್ಲಿ ಇಲ್ಲವೇ ಬೇರೆ ವಿಧಾನಗಳಲ್ಲಿ ರೋಗಾಣುಮುಕ್ತ ಮಾಡಿ ಪೊಟ್ಟಣದಲ್ಲಿ ಮುಚ್ಚಿಡುತ್ತಾರೆ. ಅಂಚಿನ ನೂಲು ಬಿಚ್ಚಿ ಗಾಯದಲ್ಲಿ ಉಳಿಯದಿರಲೆಂದು ಅಂಚನ್ನು ಒಳಕ್ಕೆ ಮಡಿಸಿರುತ್ತಾರೆ. ಶಸ್ತ್ರಚಿಕಿತ್ಸೆಯ ಗಾಜ್ ಬಟ್ಟೆಯಲ್ಲಂತೂ ಎಕ್ಸ್-ರೇಯಲ್ಲಿ ಕಾಣುವ ಒಂದು ವಿಶೇಷ ನೂಲು ಇರುತ್ತದೆ. ಕೆಲಸ ಮುಗಿದ ಮೇಲೆ ಸಿಸ್ಟರುಗಳು ತುಂಡುಗಳನ್ನು ಒಂದೊಂದಾಗಿ ಎಣಿಸುತ್ತಾರೆ. ಲೆಕ್ಕ ತಪ್ಪಿದರೆ ಆ ನೂಲು ಎಲ್ಲಿದೆ ಎಂದು ಎಕ್ಸ್-ರೇಯಲ್ಲಿ ಹುಡುಕುತ್ತಾರೆ.

ಮೊಣಕಾಲಿನ ಮೇಲಿನ ಚೌಕಗಳು

ಎರಡು ದಿನ ಬಿಟ್ಟು ಪಟ್ಟಿ ಬದಲಿಸಲು ಹೋದಾಗ ಬಟ್ಟೆ ಗಾಯಕ್ಕೆ ಅಂಟಿಕೊಂಡಿತ್ತು. ಯಾಕೆಂದು ಈಗ ನಿಮಗೇ ಗೊತ್ತು. ಒಳಗಿನ ಬಲೆಯ ಎಳೆಗಳು ಹೊರಗಿನ ಬಟ್ಟೆಯ ತೂತುಗಳಿಗೂ ಹೊಕ್ಕು ಹೆಣೆದುಕೊಂಡಿದ್ದವು. ಸಿಸ್ಟರ್ ಎಳೆಯಲಿಲ್ಲ. ಸಲೈನ್ ಹನಿಸಿ, ಚೆನ್ನಾಗಿ ನೆನೆಯುವವರೆಗೆ ಕಾದು, ಮೆಲ್ಲಗೆ ಬಿಡಿಸಿದರು. ಗಾಯದ ಸುತ್ತಲಿನ ಚರ್ಮದ ಮೇಲೆ ಗಾಜ್ ಬಟ್ಟೆಯ ಸಣ್ಣ ಸಣ್ಣ ಚೌಕಗಳ ಅಚ್ಚು ಮೂಡಿತ್ತು. ಹುಡುಗಿ ಅದನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು.

ಅಷ್ಟು ಹೊತ್ತಿಗೆ ಅವಳಿಗೆ ಗಾಜಾದ ಕಥೆ ಹೇಳಿ ಮುಗಿಸಿದ್ದೆ. "ಆ ಊರು ಈಗಲೂ ಇದೆಯಾ ಅತ್ತೆ?" ಎಂದು ಕೇಳಿದಳು. ಇದೆ. ಅಲ್ಲಿ ಲಕ್ಷಾಂತರ ಮಕ್ಕಳಿದ್ದಾರೆ. 2024ರ ಜುಲೈನಲ್ಲಿ ನಮ್ಮ ದೆಹಲಿಯಲ್ಲಿ ನಡೆದ ಯುನೆಸ್ಕೋ ಸಭೆಯಲ್ಲಿ ಗಾಜಾದ ಸಂತ ಹಿಲೇರಿಯನ್ ಅವರ ಮಠವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. 4ನೇ ಶತಮಾನದಷ್ಟು ಹಳೆಯ ಜಾಗ ಅದು. ಸೇರಿಸಿದ ದಿನವೇ ಅದನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಹಾಕಬೇಕಾಯಿತು. 2023ರ ಅಕ್ಟೋಬರಿನಲ್ಲಿ ಶುರುವಾದ ಯುದ್ಧದಲ್ಲಿ ಊರಿನ ಬಹುಭಾಗ ಹಾಳಾಯಿತು. ಅಲ್ಲಿನ ಆಸ್ಪತ್ರೆಗಳಲ್ಲಿ ಗಾಯಗೊಂಡ ಮಕ್ಕಳಿಗೆ ಕಟ್ಟಲು ಗಾಜ್ ಬಟ್ಟೆಯೂ ಸಾಲದೇ ಹೋಯಿತು.

ಇದನ್ನು ನಿಮಗೆ ಹೇಳಲೋ ಬೇಡವೋ ಎಂದು ಯೋಚಿಸಿದೆ. ಹೇಳದೆ ಬಿಟ್ಟರೆ ಆ ಮಕ್ಕಳಿಗೆ ಅನ್ಯಾಯವಾಗುತ್ತದೆ ಎನ್ನಿಸಿತು. ಅವರ ರಕ್ತದಲ್ಲಿಯೂ ಅದೇ ಪ್ಲೇಟ್‌ಲೆಟ್, ಅದೇ ಫೈಬ್ರಿನೋಜೆನ್. ಯಾವ ದೇಶದ ಮಗುವಿನ ಮೈಯೇ ಆಗಲಿ, ಗಾಯವಾದ ಗಳಿಗೆಯಲ್ಲೇ ಬಲೆ ನೇಯಲು ಕೂರುತ್ತದೆ. ಅದಕ್ಕೆ ಸ್ವಲ್ಪ ಸಮಯ, ಒಂದು ತುಂಡು ಶುಭ್ರ ಬಟ್ಟೆ, ಒತ್ತಿ ಹಿಡಿಯುವ ಒಂದು ಕೈ ಸಿಗಬೇಕು.

ಸಿಸ್ಟರ್ ಹೊಸ ಪಟ್ಟಿ ಕಟ್ಟಿ ಮುಗಿಸಿದರು. ನನ್ನ ಸೊಸೆ ಮಂಚದಿಂದ ಇಳಿಯುವ ಮೊದಲು ಅದರ ಮೇಲೆ ತನ್ನ ಪುಟ್ಟ ಅಂಗೈ ಇಟ್ಟು ಒತ್ತಿ ಹಿಡಿದುಕೊಂಡಳು. "ಶಾಶ್," ಎಂದು ಒಂದು ಸಲ ಮೆಲ್ಲಗೆ ಹೇಳಿ ನೋಡಿದಳು.